ನೀರಿನ ಬಿಲ್‌ನಲ್ಲಿ ಕಾಡಿನ ಪಾಲು: ಈ ಲೆಕ್ಕ ಬಂದಿದ್ದು ಎಲ್ಲಿಂದ?

2024ರ ನವೆಂಬರ್‌ನಲ್ಲಿ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಒಂದು ಪ್ರಸ್ತಾಪ ಮುಂದಿಟ್ಟರು. ಪಶ್ಚಿಮ ಘಟ್ಟದಲ್ಲಿ ಹುಟ್ಟುವ ನದಿಗಳ ನೀರು ಬಳಸುವ ಊರುಗಳು ನೀರಿನ ಬಿಲ್ ಜೊತೆ ಎರಡು-ಮೂರು ರೂಪಾಯಿ ಹಸಿರು ಸೆಸ್ ಕಟ್ಟಲಿ, ಆ ಹಣದಲ್ಲಿ ಘಟ್ಟ ಉಳಿಸೋಣ ಅಂತ. ಕೆಲವರು ಒಳ್ಳೆಯದು ಅಂದರು. ಕೆಲವರು ಇನ್ನೊಂದು ತೆರಿಗೆಯಾ ಅಂತ ರೇಗಿದರು. ಕಾಡಿಗೂ ನಮ್ಮನೆ ನಲ್ಲಿಗೂ ನಂಟಿದೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಯಾವ ಕಾಡು, ಯಾವ ದಾರಿ, ಯಾರ ಮನೆ?

ಕಾಡು, ಬೆಟ್ಟ, ನದಿಗಳಿಂದ ನಮಗಾಗುವ ಇಂಥ ಉಪಕಾರಕ್ಕೆ 'ಪರಿಸರ ಸೇವೆ' ಎಂಬ ಹೆಸರು 1980ರ ದಶಕದ ಶುರುವಿನಲ್ಲಿ ಬಳಕೆಗೆ ಬಂತು. 1997ರಲ್ಲಿ ರಾಬರ್ಟ್ ಕೊಸ್ಟಾಂಜಾ ಮತ್ತು ಸಂಗಡಿಗರು ಇಡೀ ಭೂಮಿಯ ಇಂಥ ಸೇವೆಗೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಬೆಲೆ ಹೇಳಿದರು. ನಮ್ಮಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ದರದಂತೆ, ಬೇರೆ ಕೆಲಸಕ್ಕೆ ಹೋಗುವ ಕಾಡಿಗೆ ಹೆಕ್ಟೇರ್‌ಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ ಕಟ್ಟಬೇಕಾಯಿತು. ಈ ಲೆಕ್ಕಗಳೆಲ್ಲ ಸೈಟಿಗೆ ಅಡಿ ಲೆಕ್ಕದಲ್ಲಿ ರೇಟು ಹಾಕಿದ ಹಾಗೆ. ಕಾಡು ಎಷ್ಟಿದೆ, ಎಂಥದ್ದು ಅಂತ ನೋಡಿದವು. ಅದರ ಕೆಳಗೆ ಯಾರು ಬದುಕುತ್ತಿದ್ದಾರೆ ಅಂತ ನೋಡಲಿಲ್ಲ.

ಆ ಕಡೆ ಗಮನ ತಿರುಗಿಸಿದ ಕೆಲಸಗಳಲ್ಲಿ ನನಗೆ ತುಂಬಾ ಹಿಡಿಸಿದ್ದು 2007ರಲ್ಲಿ ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಶುರುವಾದ 'ಏರೀಸ್', ಪರಿಸರ ಸೇವೆಗಳನ್ನು ಕಂಪ್ಯೂಟರ್ ನಕ್ಷೆಯಲ್ಲಿ ಲೆಕ್ಕ ಹಾಕುವ ಯೋಜನೆ. ಫರ್ಡಿನಾಂಡೊ ವಿಲ್ಲಾ, ಕೆನ್ ಬ್ಯಾಗ್‌ಸ್ಟಾಡ್, ಗ್ಯಾರಿ ಜಾನ್ಸನ್ ಮೊದಲಾದವರು ಅದಕ್ಕೆ 'ಸ್ಪ್ಯಾನ್' ಎಂಬ ಮಾದರಿ ಕಟ್ಟಿದರು. ನಕ್ಷೆಯನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಹೋಳು ಮಾಡಿ ಮೂರು ಗುರುತು ಹಾಕುತ್ತಾರೆ: ಸೇವೆ ಹುಟ್ಟುವ ಜಾಗ, ದಾರಿಯಲ್ಲಿ ಅದನ್ನು ಹೀರುವ ಜಾಗ, ಬಳಸುವವರು ಇರುವ ಜಾಗ. ಆಮೇಲೆ ಒಂದು ಚೌಕದಿಂದ ಇನ್ನೊಂದಕ್ಕೆ ಸೇವೆಯನ್ನು ಸಾಗಿಸುತ್ತಾರೆ. ನೀರಾದರೆ ಇಳಿಜಾರು ಹಿಡಿಯುತ್ತದೆ. ಬೆಟ್ಟದ ನೋಟವಾದರೆ ಕಣ್ಣಿನ ಗೆರೆ ಹಿಡಿಯುತ್ತದೆ, ನಡುವೆ ದೊಡ್ಡ ಕಟ್ಟಡ ಎದ್ದರೆ ಅಲ್ಲಿಗೇ ನಿಂತಿತು. ಬೆಟ್ಟ ಹಾಗೇ ಇದ್ದರೂ ಹಿಂದಿನ ಮನೆಗೆ ಆ ಸೇವೆ ಇಲ್ಲ. ಪ್ರವಾಹದಲ್ಲಿ ಲೆಕ್ಕ ತಿರುಗುಮುರುಗು. ನೀರನ್ನು ಹೀರುವ ಜಾಗವೇ ಅಲ್ಲಿ ಉಪಕಾರಿ. ಕಾರ್ಬನ್‌ಗೆ ಮಾತ್ರ ಇಂಥ ದಾರಿಯೇ ಬೇಡ, ಎಲ್ಲಿ ಹೀರಿದರೂ ಲಾಭ ಲೋಕಕ್ಕೆಲ್ಲ.

ಇದನ್ನು ಕಾವೇರಿಗೆ ಹಚ್ಚಿ ನೋಡಿ. ಕೊಡಗಿನ ಕಾಡು, ಕಾಫಿ ತೋಟ, ಗದ್ದೆಗಳ ಮೇಲೆ ಬಿದ್ದ ಮಳೆ ಕೆ.ಆರ್.ಎಸ್. ಸೇರುತ್ತದೆ. ಒಂದು ಪಾಲು ನಾಲೆ ಹಿಡಿದು ಮಂಡ್ಯದ ಭತ್ತ, ಕಬ್ಬಿಗೆ ಹೋಗುತ್ತದೆ. ಇನ್ನೊಂದು ಪಾಲು ತೊರೆಕಾಡನಹಳ್ಳಿಗೆ ಬಂದು ಪಂಪುಗಳ ಬಲದಿಂದ ಸುಮಾರು 500 ಮೀಟರ್ ಮೇಲೇರಿ, 100 ಕಿಲೋಮೀಟರ್ ದೂರದ ಬೆಂಗಳೂರು ಮುಟ್ಟುತ್ತದೆ. 1974ರಲ್ಲಿ ಮೊದಲ ಹಂತ, 2024ರಲ್ಲಿ ಐದನೆಯದು. ಇಳಿಜಾರು ಮಾತ್ರ ನೋಡುವ ನಕ್ಷೆಯಲ್ಲಿ ಈ ಊರು ಕಾವೇರಿಯ ಫಲಾನುಭವಿ ಅಂತ ಪೂರ್ತಿಯಾಗಿ ಕಾಣಿಸೋದೇ ಇಲ್ಲ. ಪೈಪನ್ನೂ ಬರೆಯಬೇಕು. ಪೈಪ್ ಮುಟ್ಟದ ಬಡಾವಣೆಯನ್ನೂ ಬರೆಯಬೇಕು, ಅಲ್ವಾ? ಅಲ್ಲಿನವರು ಟ್ಯಾಂಕರ್‌ಗೆ ದುಡ್ಡು ಕೊಡುತ್ತಿದ್ದಾರೆ.

ಪುಟ್ಟ ದಾರಿಗಳೂ ಇವೆ. ಹೂಮಳೆ ಬಿದ್ದ ಮೇಲೆ ರೊಬಸ್ಟಾ ಕಾಫಿ ಗಿಡಗಳು ಬೆಳ್ಳಗೆ ಅರಳುತ್ತವೆ. ಆ ಹೂವಿಗೆ ಬೇರೆ ಗಿಡದ ಪರಾಗ ಬೇಕು. ಹತ್ತಿರದ ದೇವರಕಾಡಿನ ಮರದಲ್ಲಿ ಹುಟ್ಟು ಕಟ್ಟಿದ ಹೆಜ್ಜೇನು ಬಂದು ಆ ಕೆಲಸ ಮಾಡಿ ಹೋಗುತ್ತದೆ. ಶಿರಸಿ ಕಡೆ ಅಡಿಕೆ ತೋಟದವರಿಗೆ ಸೊಪ್ಪಿಗೆಂದು ಬಿಟ್ಟ ಕಾಡಾದ ಸೊಪ್ಪಿನಬೆಟ್ಟದಲ್ಲಿ ಈ ದಾರಿ ಕಣ್ಣಿಗೇ ಕಾಣುತ್ತದೆ: ಬೆಟ್ಟದ ಸೊಪ್ಪು ಹೊರೆಯಾಗಿ ತಲೆ ಮೇಲೆ ಕೂತು ಕೊಟ್ಟಿಗೆಗೆ ಬರುತ್ತದೆ, ಅಲ್ಲಿ ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುತ್ತದೆ.

ಹಣದ ದಾರಿಯನ್ನೂ ಇಷ್ಟೇ ಬಿಡಿಸಿ ಬರೆದ ಊರುಗಳಿವೆ. ಹಿಮಾಚಲದ ಪಾಲಂಪುರ ಪಟ್ಟಣ 2010ರಲ್ಲಿ, ತನಗೆ ನೀರು ಕೊಡುವ ಬೋಹಲ್ ಒರತೆಯ ಮೇಲಿನ ಕಾಡು ಕಾಯುವ ಹಳ್ಳಿಯವರ ಜೊತೆ ಒಪ್ಪಂದ ಮಾಡಿಕೊಂಡಿತು. ಅಲ್ಲಿ ಕೊಡುವವರು ಯಾರು, ಪಡೆಯುವವರು ಯಾರು ಅಂತ ಎರಡೂ ಕಡೆಯವರಿಗೆ ಗೊತ್ತು. ನಮ್ಮಲ್ಲಿ ಘಟ್ಟದ ಮರಗಳೆಲ್ಲ ಸರ್ಕಾರಿ ಕಾಡಿನಲ್ಲಿಲ್ಲ. ಕೊಡಗಿನ ಬಹುದೊಡ್ಡ ಭಾಗ ಕಾಫಿ ತೋಟ. ನೆರಳಿನ ಮರ ಕಡಿಯದೆ ಉಳಿಸಿಕೊಂಡ ಬೆಳೆಗಾರ, ಲಾಭ ಕಮ್ಮಿಯಾದರೂ ಗದ್ದೆಯಲ್ಲಿ ನೀರು ನಿಲ್ಲಿಸುತ್ತಿರುವ ರೈತ, ದೇವರಕಾಡು ಕಾಯುವ ಊರಿನವರು, ಎಲ್ಲರೂ ನಕ್ಷೆಯಲ್ಲಿ ನೀರು ಹುಟ್ಟುವ ಚೌಕದಲ್ಲೇ ಇದ್ದಾರೆ. ಆ ಎರಡು-ಮೂರು ರೂಪಾಯಿ ಅವರ ತನಕ ಹೋಗುತ್ತಾ ಅನ್ನೋದನ್ನು ಸೆಸ್ ಶುರುವಾಗೋ ಮೊದಲೇ ಬರೆದಿಡಬೇಕು.