ಕುಂಬಿ ಪಕ್ಕದ ಕಾಲುವೆ ಸೋರುತ್ತಿದೆ, ಪೂರ್ತಿ ಒಡೆಸಬೇಕೆ?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು 12 ವರ್ಷದ ಆರ್‌ಸಿಸಿ ಮನೆ. ಮಾಳಿಗೆಯ ಮೇಲೆ ಕುಂಬಿಗುಂಟ (ಅಂಚಿನ ಗಿಡ್ಡ ಗೋಡೆಯುದ್ದಕ್ಕೂ) ಸುಮಾರು 30 ಅಡಿ ಉದ್ದದ ನೀರಿನ ಕಾಲುವೆ ಇದೆ. ಮಳೆ ಬಂದಾಗ ಪೈಪಿನ ಬಾಯಿಯ ಕೆಳಗೆ ಗೋಡೆ ನೆನೆದು ಬಣ್ಣ ಉಬ್ಬುತ್ತದೆ. ಗೌಂಡಿ ಎರಡು ಸಲ ಸಿಮೆಂಟ್ ಹಾಲು ಬಿಟ್ಟರು. ಒಂದು ಮಳೆಗಾಲ ತಡೆಯುತ್ತದೆ, ಮತ್ತೆ ಅದೇ ಕಥೆ. ಏನು ಮಾಡಬೇಕು?

ಉತ್ತರ: ಒಡೆಸುವುದು ಬೇಡ, ಸದ್ಯಕ್ಕಂತೂ ಬೇಡ. ಗೋಡೆ ಪೈಪಿನ ಕೆಳಗೇ ನೆನೆಯುತ್ತಿದ್ದರೆ ಸಾಮಾನ್ಯವಾಗಿ ಸೋರುವುದು ಕಾಲುವೆಯ ಮೈಯಲ್ಲ, ಪೈಪಿನ ಕೊರಳು, ಅಂದರೆ ಪೈಪು ಕಾಂಕ್ರೀಟಿಗೆ ಸೇರುವ ಜಾಗ. ಬಿಸಿಲಿಗೆ ಪಿವಿಸಿ ಹಿಗ್ಗುವುದು ಕಾಂಕ್ರೀಟಿಗಿಂತ ಐದಾರು ಪಟ್ಟು ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ಮಾಳಿಗೆ ಹಗಲೆಲ್ಲ ಕಾದು ರಾತ್ರಿ ಆರುತ್ತದೆ. ದಿನವೂ ಹಿಗ್ಗಿ ಕುಗ್ಗುವ ಪೈಪಿನ ನುಣುಪು ಮೈಯನ್ನು ಸಿಮೆಂಟು ಬಿಟ್ಟುಕೊಡುತ್ತದೆ. ಕೂದಲೆಳೆಯಷ್ಟು ಸಂದಾದರೂ ಸಾಕು. ಸಿಮೆಂಟ್ ಹಾಲು ಆ ಸಂದಿಗಿಳಿದು ಗಟ್ಟಿಯಾಗುತ್ತದೆ, ನಿಜ. ಆದರೆ ಅದಕ್ಕೆ ಬಾಗುವ ಗುಣವಿಲ್ಲ, ಮುಂದಿನ ಬೇಸಿಗೆಗೆ ಮತ್ತೆ ಸೀಳುತ್ತದೆ.

ದುಡ್ಡು ಹಾಕುವ ಮೊದಲು ಜಾಗ ಖಾತ್ರಿ ಮಾಡಿಕೊಳ್ಳಿ. ಗೋಡೆ ಒಣಗಿರುವಾಗ ಪೈಪಿನ ಬಾಯಿಯಿಂದ ಒಂದು ಗೇಣು ದೂರದಲ್ಲಿ ಜೇಡಿಮಣ್ಣಿನ ಅಡ್ಡಗಟ್ಟೆ ಕಟ್ಟಿ, ಉಳಿದ ಕಾಲುವೆಯಲ್ಲಿ ಎರಡು ಇಂಚು ನೀರು ನಿಲ್ಲಿಸಿ 24 ಗಂಟೆ ಬಿಡಿ. ಗೋಡೆ ನೆನೆಯಲಿಲ್ಲವೆಂದರೆ ಕಾಲುವೆ ಸರಿ ಇದೆ. ಮರುದಿನ ಗಟ್ಟೆ ತೆಗೆದು, ಪ್ಲಾಸ್ಟಿಕ್ ಸುತ್ತಿದ ಬಟ್ಟೆಯ ಉಂಡೆಯನ್ನು ಪೈಪಿನ ಬಾಯಿಯಿಂದ ಎರಡು ಇಂಚು ಒಳಗೆ ಬಿಗಿಯಾಗಿ ತುರುಕಿ, ಮತ್ತೆ ನೀರು ನಿಲ್ಲಿಸಿ. ಈಗ ನೆನೆದರೆ ತಪ್ಪು ಕೊರಳಿನದೇ. ಈಗಲೂ ನೆನೆಯದೆ, ಉಂಡೆ ಕಿತ್ತು ನೀರು ಹರಿಸಿದಾಗ ಮಾತ್ರ ನೆನೆದರೆ ಗೋಡೆಯೊಳಗೆ ಪೈಪು ತಿರುಗುವ ಬೆಂಡಿನ ಜಾಯಿಂಟ್ ಬಿಟ್ಟಿರಬಹುದು. ಹಾಗಿದ್ದರೆ ಮೇಲೆ ಎಷ್ಟು ಹಚ್ಚಿದರೂ ವ್ಯರ್ಥ, ಪೈಪನ್ನೇ ಬದಲಿಸಬೇಕು.

ಪೈಪು ಬದಲಿಸುವ ಮೊದಲು, ಹೊರಗಡೆ ಅದು ಗೋಡೆಯಿಂದ ಎಷ್ಟು ಮುಂದೆ ಬಂದಿದೆ ಎಂಬುದನ್ನೂ ನೋಡಿ. ಹಳೆಯ ಮಣ್ಣಿನ ಮಾಳಿಗೆಯಲ್ಲಿ ಮಳೆನೀರು ಹೊರಬೀಳುವ ದೋಣಿ ಗೋಡೆಯಿಂದ ಒಂದು ಮೊಳ ಚಾಚಿಕೊಂಡಿರುತ್ತಿತ್ತು, ಸುಮ್ಮನೆ ಅಲ್ಲ. ಈಗ ಎಷ್ಟೋ ಮನೆಗಳಲ್ಲಿ ಪೈಪು ಒಂದಿಂಚು ಇಣುಕಿ ನಿಂತಿರುತ್ತದೆ. ನೀರು ಅದರ ತುಟಿಯಿಂದ ಹಿಂದಕ್ಕೆ ಸರಿದು ಗೋಡೆಗೇ ಇಳಿಯುತ್ತದೆ. ಅಷ್ಟೇ ಆಗಿದ್ದರೆ ಒಂದು ಅಡಿ ಪೈಪು ಜೋಡಿಸಿದರೆ ಮುಗಿಯಿತು.

ಕೊರಳಿನ ರಿಪೇರಿ ಹೀಗೆ. ಪೈಪಿನ ಸುತ್ತ ಎರಡು ಇಂಚು ಅಗಲ, ಒಂದೂವರೆ ಇಂಚು ಆಳಕ್ಕೆ ಉಳಿಯಿಂದ ಬಿಡಿಸಿ. ಬ್ರೇಕರ್ ತರಬೇಡಿ, ಅದರ ನಡುಕಕ್ಕೆ ಗಟ್ಟಿ ಇದ್ದದ್ದೂ ಸಡಿಲಾಗುತ್ತದೆ. ಪಿವಿಸಿಯ ಮೈಯನ್ನು ಉಜ್ಜುಕಾಗದದಿಂದ ಒರಟು ಮಾಡಿ, ಧೂಳು ಒರೆಸಿ, ಕಾಂಕ್ರೀಟನ್ನು ನೀರು ನಿಲ್ಲದಷ್ಟು ನೆನೆಸಿ. ಒಂದು ಕಿಲೋ ಸಿಮೆಂಟು, ಮೂರು ಕಿಲೋ ಜರಡಿ ಹಿಡಿದ ಉಸುಕು, 100 ಮಿ.ಲೀ. ಎಸ್‌ಬಿಆರ್ ಲ್ಯಾಟೆಕ್ಸ್ (ಸಿಮೆಂಟಿಗೆ ಬೆರೆಸುವ ರಬ್ಬರ್ ಹಾಲು): ಒಂದು ಕೊರಳಿಗೆ ಇಷ್ಟು ಮಾಲು ಸಾಕಾಗಿ ಉಳಿಯುತ್ತದೆ. ಮೊದಲು ಲ್ಯಾಟೆಕ್ಸ್ ಬೆರೆಸಿದ ಸಿಮೆಂಟ್ ಹಾಲನ್ನು ಬ್ರಷ್‌ನಲ್ಲಿ ಬಳಿದು, ಅದು ಆರುವ ಮುಂಚೆಯೇ ಮಾಲು ಒತ್ತಿ ತುಂಬಿ. ಪೈಪಿಗೆ ತಾಗಿದಂತೆ 10 ಮಿ.ಮೀ. ದಪ್ಪದ ಥರ್ಮಾಕೋಲ್ ಪಟ್ಟಿ ಇಟ್ಟು ಅಷ್ಟೇ ಆಳದ ಗಾಡಿ (ಸುತ್ತಲಿನ ಸಂದು) ಉಳಿಸಿಕೊಳ್ಳಿ. ಒಂದು ದಿನ ಹಸಿ ಗೋಣಿ ಹೊದಿಸಿ, ಆಮೇಲೆ ಪೂರ್ತಿ ಒಣಗಲು ಬಿಡಿ. ಪಟ್ಟಿ ಕಿತ್ತು ಆ ಗಾಡಿಗೆ ಪಾಲಿಯುರೆಥೇನ್ ಸೀಲೆಂಟ್ ತುಂಬಬೇಕು. ಪೈಪು ಹಿಗ್ಗಿ ಕುಗ್ಗಿದಾಗ ಅದರ ಜೊತೆ ಎಳೆದುಕೊಳ್ಳುವುದು ಇದೇ. ಸಿಲಿಕೋನ್ ಹಾಕಿದರೆ ಮೇಲಿನ ಕೋಟಿಂಗ್ ಅದಕ್ಕೆ ಅಂಟುವುದಿಲ್ಲ. 300 ಮಿ.ಲೀ. ಟ್ಯೂಬು ಆರೇಳು ಕೊರಳಿಗೆ ಬರುತ್ತದೆ.

ಕಾಲುವೆಯ ತಳ ಮತ್ತು ಕುಂಬಿ ಸೇರುವ ಮೂಲೆ ಇನ್ನೊಂದು ದುರ್ಬಲ ಜಾಗ. ಅಲ್ಲಿ ಎರಡು ಇಂಚಿನ ಗೋಲಾ (ಮೂಲೆಯನ್ನು ದುಂಡಗೆ ಮುಚ್ಚುವ ಮಾಲಿನ ಪಟ್ಟಿ) ಕಟ್ಟಿಸಿ. ನಂತರ ಪುಡಿ, ದ್ರವ ಎಂದು ಎರಡು ಡಬ್ಬಿಯಲ್ಲಿ ಬರುವ, ಬೆರೆಸಿ ಹಚ್ಚುವ ಅಕ್ರಿಲಿಕ್-ಸಿಮೆಂಟ್ ಕೋಟಿಂಗ್ ಎರಡು ಸಲ ಹಚ್ಚಬೇಕು, ನಡುವೆ ಫೈಬರ್ ಜಾಳಿ, ಪಕ್ಕದಲ್ಲಿ ಆರು ಇಂಚು ಎತ್ತರ, ಪೈಪಿನೊಳಗೆ ಎರಡು ಇಂಚು. ತಳ ಒಂದು ಅಡಿ ಅಗಲವಿದ್ದರೆ ನಿಮ್ಮ 30 ಅಡಿಗೆ 60 ಚದರ ಅಡಿ, ಹೆಚ್ಚೂ ಕಡಿಮೆ 10ರಿಂದ 12 ಕಿಲೋ. ಮಧ್ಯಾಹ್ನ ಹಚ್ಚಿದರೆ ಕಾದ ಕಾಂಕ್ರೀಟ್ ತೇವ ಹೀರಿ ಅದು ಹಪ್ಪಳದಂತೆ ಎದ್ದು ಬರುತ್ತದೆ. ಬೆಳಗಿನ ಒಂಬತ್ತರೊಳಗೆ ಮುಗಿಸಿ.

ಡಾಂಬರ್ ಬಳಿಯುವವರಿದ್ದಾರೆ. ನಮ್ಮ ಬಿಸಿಲಿಗೆ ಅದು ಮೆತ್ತಗಾಗಿ ಜಾರುತ್ತದೆ, ಬಿಟ್ಟುಬಿಡಿ.

ಇಷ್ಟಾದರೂ ಕಾಲುವೆಯಲ್ಲಿ ನೀರು ನಿಲ್ಲಬಾರದು. 10 ಅಡಿಗೆ ಒಂದೂಕಾಲು ಇಂಚು ಇಳಿಜಾರು ಬೇಕು. ಪೈಪು ನಾಲ್ಕಿಂಚಿನದಿರಲಿ. ಎರಡಿಂಚಿನವು ನಾಲ್ಕು ಕೂಡಿದರೆ ಮಾತ್ರ ಅದರ ಬಾಯಿಗೆ ಸಮ. ಚಪ್ಪಟೆ ಜಾಳಿಯ ಮೇಲೆ ನಾಲ್ಕು ಬೇವಿನೆಲೆ, ಒಂದು ಪ್ಲಾಸ್ಟಿಕ್ ಚೀಲ ಕೂತರೆ ಕಾಲುವೆ ಕೆರೆಯಾಗುತ್ತದೆ, ಗುಮ್ಮಟದ ಆಕಾರದ್ದು ಹಾಕಿ. ಸಂಡೂರು, ತೋರಣಗಲ್ಲು ಕಡೆಯವರು ಕೆಂಪು ಧೂಳಿನ ರಾಡಿಯನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಬಾಚಬೇಕು.

ಒಳಗಡೆ ಛತ್ತಿನಲ್ಲಿ ತುಕ್ಕಿನ ಗೆರೆ ಮೂಡಿದ್ದರೆ, ಚಕ್ಕೆ ಉದುರುತ್ತಿದ್ದರೆ ಕಬ್ಬಿಣಕ್ಕೆ ನೀರು ತಾಗಿದೆ. ಕೋಟಿಂಗ್ ಆಮೇಲೆ, ಮೊದಲು ಎಂಜಿನಿಯರಿಗೆ ತೋರಿಸಿ.

ಕೋಟಿಂಗ್ ಮುಗಿದು ಏಳು ದಿನವಾದ ಮೇಲೆ ಅದೇ ಬಟ್ಟೆ ಉಂಡೆಯ ಪರೀಕ್ಷೆ ಮತ್ತೊಮ್ಮೆ ಮಾಡಿ. ಉಬ್ಬಿದ ಬಣ್ಣ ಕೆರೆದು ಗೋಡೆಯನ್ನು ತಿಂಗಳೊಪ್ಪತ್ತು ಒಣಗಲು ಬಿಟ್ಟು ಹೊಸ ಬಣ್ಣ ಹೊಡೆಸಿ.