ಎದೆಹಾಲು ಇಡೋಕೆ ಯಾವ ಬ್ಯಾಗ್ ತಗೊಳ್ಳಲಿ?

ಓದುಗರ ಪ್ರಶ್ನೆ: ನಮ್ಮ ಮನೆ ಹುಬ್ಬಳ್ಳಿಯಲ್ಲಿ, ಕೆಲಸ ಧಾರವಾಡದಲ್ಲಿ. ಕೂಸಿಗೆ ಐದು ತಿಂಗಳು. ಹೆರಿಗೆ ರಜೆ ಮುಗಿಯುತ್ತಾ ಬಂತು. ನಾನು ಇಲ್ಲದಾಗಲೂ ಅತ್ತೆ ನನ್ನ ಹಾಲನ್ನೇ ಕುಡಿಸಲಿ ಅಂತ ಆಸೆ. ಎದೆಹಾಲು ಇಡುವ ಬ್ಯಾಗ್‌ಗಳು ಹತ್ತಾರು ಥರ ಸಿಗುತ್ತವೆ. ಯಾವುದು ಒಳ್ಳೆಯದು?

ಉತ್ತರ: ಬ್ಯಾಗ್ ಆರಿಸುವ ಮುಂಚೆ ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನೀವು ತೆಗೆದಿಟ್ಟ ಹಾಲು ನಾಳೆ, ನಾಡಿದ್ದು ಖರ್ಚಾಗುತ್ತದೋ, ಫ್ರೀಜರ್‌ನಲ್ಲಿ ವಾರಗಟ್ಟಲೆ ಕೂರುತ್ತದೋ? ಬ್ಯಾಗ್ ನಿಜವಾಗಿ ಉಪಯೋಗಕ್ಕೆ ಬರುವುದು ಫ್ರೀಜರ್‌ನಲ್ಲಿ. ಇವತ್ತು ತೆಗೆದದ್ದನ್ನು ನಾಳೆ ಕುಡಿಸುವುದಾದರೆ ಗಟ್ಟಿ ಮುಚ್ಚಳದ ಚಿಕ್ಕ ಬಾಟಲಿ ಸಾಕು. ಗಾಜಿನದಾಗಲಿ, ಆಹಾರಕ್ಕೆಂದೇ ಮಾಡಿದ ಗಟ್ಟಿ ಪ್ಲಾಸ್ಟಿಕ್‌ನದಾಗಲಿ ನಡೆಯುತ್ತದೆ. ಪ್ಲಾಸ್ಟಿಕ್ ಆದರೆ ತಳದ ತ್ರಿಕೋನದಲ್ಲಿ 7 ಅಂತ ಇರುವುದನ್ನು ಬಿಡಿ. ಅದರಲ್ಲಿ ಬಿಪಿಎ ಎಂಬ, ಕೂಸಿಗೆ ಒಳ್ಳೆಯದಲ್ಲದ ರಾಸಾಯನಿಕ ಇರುವ ಸಾಧ್ಯತೆ ಇರುತ್ತದೆ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಲೆಕ್ಕ ಹಾಕಿ ನೋಡಿ. ಈ ವಯಸ್ಸಿನ ಕೂಸು ಅಮ್ಮ ಹತ್ತಿರ ಇಲ್ಲದ ಪ್ರತಿ ಗಂಟೆಗೆ ಅಂದಾಜು 30ರಿಂದ 45 ಮಿ.ಲೀ. ಹಾಲು ಕುಡಿಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟು ಸಂಜೆ ಆರಕ್ಕೆ ಮನೆ ಸೇರುತ್ತೀರಿ ಅಂದರೆ 270ರಿಂದ 400 ಮಿ.ಲೀ. ಬೇಕು. ಒಂದು ಬ್ಯಾಗ್‌ಗೆ 90 ಮಿ.ಲೀ. ಹಾಕಿದರೂ ದಿನಕ್ಕೆ ಮೂರರಿಂದ ಐದು ಬ್ಯಾಗ್. ತಿಂಗಳಿಗೆ ಹೆಚ್ಚು ಕಡಿಮೆ ನೂರು! ಇವೆಲ್ಲ ಒಂದು ಸಲ ಬಳಸಿ ಬಿಸಾಡುವಂಥವು, ತೊಳೆದು ಮತ್ತೆ ತುಂಬುವ ಹಾಗಿಲ್ಲ. ಸುಮ್ನೆ ದುಡ್ಡು ಯಾಕೆ ಹಾಳು? ದಿನದ ಬಳಕೆಗೆ ಐದಾರು ಚಿಕ್ಕ ಬಾಟಲಿ ಇಟ್ಟುಕೊಳ್ಳಿ. ಒಂದು ಸಣ್ಣ ಪ್ಯಾಕ್ ಬ್ಯಾಗ್ ಮಾತ್ರ ತನ್ನಿ. ರಜೆಯ ಕೊನೆಯ ವಾರಗಳಲ್ಲಿ ಹೆಚ್ಚಿಗೆ ಬಂದ ಹಾಲನ್ನು ಕೂಡಿಡೋಕೆ ಅದು ಬೇಕು. ಆರು ತಿಂಗಳಾದ ಮೇಲೆ ರಾಗಿ ಸರಿ, ಮೆತ್ತಗಿನ ಅನ್ನ ಶುರುವಾಗುತ್ತದೆ. ಆಗ ನೀವು ಇಲ್ಲದ ಹೊತ್ತಿಗೆ ಇಷ್ಟು ಹಾಲು ಬೇಕಾಗಲಿಕ್ಕಿಲ್ಲ.

ಈಗ ಬ್ಯಾಗ್ ವಿಷಯ. ಎದೆಹಾಲಿಗೆ ಅಂತಲೇ ಮಾಡಿದ, ಮೊದಲೇ ಸ್ಟೆರಿಲೈಸ್ ಮಾಡಿದ ಬ್ಯಾಗ್ ಆಗಿರಬೇಕು. ಅಡುಗೆಮನೆಯ ಜಿಪ್ ಕವರ್, ಕಿರಾಣಿ ಅಂಗಡಿಯ ತೆಳು ಕೊಟ್ಟೆ ಬೇಡವೇ ಬೇಡ. ಅವು ಫ್ರೀಜರ್‌ನಲ್ಲಿ ಸೀಳುತ್ತವೆ, ಒಳಗೆ ಶುದ್ಧ ಇರುತ್ತವೆ ಅನ್ನೋ ಭರವಸೆಯೂ ಇಲ್ಲ. ಜಿಪ್ ಎರಡು ಸಾಲಿನದಿರಲಿ. ಪಕ್ಕದ ಮತ್ತು ತಳದ ಬೆಸುಗೆ ಅಗಲವಾಗಿರಲಿ, ಸೋರೋದು ಅಲ್ಲಿಂದಲೇ. ತಾರೀಖು ಬರೆಯುವ ಜಾಗ ಜಿಪ್‌ಗಿಂತ ಮೇಲೆ ಇದ್ದರೆ ಅನುಕೂಲ. ನಿಲ್ಲುವ ತಳ ಇದ್ದರೆ ಒಬ್ಬರೇ ತುಂಬಬಹುದು, ಇನ್ನೊಬ್ಬರನ್ನು ಹಿಡಿದುಕೊಳ್ಳೋಕೆ ಕರೆಯಬೇಕಾಗಿಲ್ಲ. ಬಿಸಿ ತಗುಲಿದರೆ ಬಣ್ಣ ಬದಲಾಗುವುದು, ಚಂದದ ಗೊಂಬೆ ಚಿತ್ರ, ಇವೆಲ್ಲ ಬರೀ ಶೋಕಿ. ಬೆಲೆ ನೋಡುವಾಗ ಪ್ಯಾಕಿನ ಬೆಲೆ ನೋಡಬೇಡಿ, ಒಂದು ಬ್ಯಾಗಿಗೆ ಎಷ್ಟು ಬಿತ್ತು ನೋಡಿ.

ಸೈಜ್ ವಿಷಯದಲ್ಲಿ ದೊಡ್ಡದೇ ಒಳ್ಳೆಯದು ಅಂದುಕೊಳ್ಳಬೇಡಿ. 200, 250 ಮಿ.ಲೀ. ಬ್ಯಾಗ್ ಆದರೂ ಅದರಲ್ಲಿ 60ರಿಂದ 120 ಮಿ.ಲೀ. ಅಷ್ಟೇ ಹಾಕಿ. ಕರಗಿಸಿದ ಹಾಲನ್ನು ಮತ್ತೆ ಗಟ್ಟಿ ಮಾಡಿ ಇಡುವ ಹಾಗಿಲ್ಲವಲ್ಲ, ಕೂಸು ಅರ್ಧ ಕುಡಿದು ಮುಖ ತಿರುಗಿಸಿದರೆ ಉಳಿದದ್ದು ಚರಂಡಿಗೇ. ಇನ್ನೊಂದು, ಬ್ಯಾಗ್ ಮೇಲಿನ ಮಿ.ಲೀ. ಗೆರೆ ನಂಬಬೇಡಿ. ಹಾಲು ಬಿದ್ದ ಕೂಡಲೇ ಬ್ಯಾಗ್ ಉಬ್ಬುತ್ತದೆ, ಲೆಕ್ಕ ತಪ್ಪುತ್ತದೆ. ಹಾಲು ತೆಗೆಯುವ ಪಂಪಿನ ಬಾಟಲಿಯಲ್ಲೇ ಅಳೆದು ಸುರಿಯಿರಿ.

ತುಂಬುವಾಗ ಗಮನ ಕೊಡಬೇಕಾದ್ದು ಜಿಪ್ಪಿನ ಕಡೆಗೆ. ಮೊದಲು ತಾರೀಖು, ಹೊತ್ತು, ಅಳತೆ ಬರೆಯಿರಿ. ಹಾಲು ತುಂಬಿದ ಮೇಲೆ ಬಾಲ್‌ಪೆನ್ ಒತ್ತಿ ಬರೆದರೆ ತೂತು ಬೀಳಬಹುದು. ಸುರಿಯುವಾಗ ಜಿಪ್ಪಿನ ಸಾಲಿಗೆ ಒಂದು ಹನಿ ಸಿಡಿದಿದ್ದರೆ ಒರೆಸಿ ಮುಚ್ಚಿ. ಆ ಹನಿ ಒಳಗೇ ಗಟ್ಟಿಯಾದರೆ ಜಿಪ್ ಕೂಡುವುದಿಲ್ಲ, ಕರಗುವಾಗ ಅಲ್ಲಿಂದಲೇ ಸೋರುತ್ತದೆ. ಗಾಳಿಯನ್ನು ಮೆಲ್ಲಗೆ ಒತ್ತಿ ತೆಗೆಯಿರಿ. ಮೇಲೆ ಒಂದು ಇಂಚು ಜಾಗ ಬಿಡಿ, ಗಟ್ಟಿಯಾಗುವಾಗ ಹಾಲು ಉಬ್ಬುತ್ತದೆ. ಆಮೇಲೆ ಜಿಪ್ಪನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಿನಿಂದ ಒತ್ತಿಕೊಂಡು ಹೋಗಿ, ಎರಡೂ ಸಾಲು. ಹೊಸ ಪ್ಯಾಕ್ ಒಡೆದಾಗ ಒಂದು ಬ್ಯಾಗಿಗೆ ನೀರು ಹಾಕಿ ತಲೆಕೆಳಗು ಹಿಡಿದು ನೋಡಿ. ಒಂದು ಬ್ಯಾಗ್ ಹೋದರೆ ಹೋಗಲಿ, ಜಿಪ್ಪಿನ ಯೋಗ್ಯತೆ ಗೊತ್ತಾಗುತ್ತದೆ.

ಸ್ಟೀಲ್ ತಟ್ಟೆಯಲ್ಲಿ ಅಡ್ಡಡ್ಡ ಮಲಗಿಸಿ ಗಟ್ಟಿ ಮಾಡಿ. ತೆಳ್ಳಗೆ ಚಪ್ಪಟೆ ಆದರೆ ಬೇಗ ಗಟ್ಟಿಯಾಗುತ್ತದೆ, ಬೇಗ ಕರಗುತ್ತದೆ. ಆಮೇಲೆ ಒಂದು ಡಬ್ಬಿಯಲ್ಲಿ ಸಾಲಾಗಿ ನಿಲ್ಲಿಸಿ. ಹಳೆಯದು ಮುಂದೆ, ಹೊಸದು ಹಿಂದೆ.

ಇನ್ನು ನಿಮ್ಮ ಫ್ರಿಜ್. ಇದನ್ನು ಕೇಳದೆ ಬ್ಯಾಗ್ ಹೇಳಿದರೆ ಅರ್ಧ ಉತ್ತರ. ಫ್ರೀಜರ್‌ಗೆ ಬೇರೆ ಬಾಗಿಲು ಇದ್ದು, ಮೈನಸ್ 18 ಡಿಗ್ರಿ ನಿಲ್ಲುತ್ತಿದ್ದರೆ ಆರು ತಿಂಗಳು ಇಡಬಹುದು. ನಮ್ಮ ಕಡೆ ಬಹಳ ಮನೆಗಳಲ್ಲಿ ಇರುವುದು ಒಂದೇ ಬಾಗಿಲಿನ ಫ್ರಿಜ್. ಒಳಗಿನ ಐಸ್ ಗೂಡು ಆ ಮಟ್ಟಕ್ಕೆ ತಣ್ಣಗಾಗುವುದಿಲ್ಲ, ಬಾಗಿಲು ತೆರೆದಾಗಲೆಲ್ಲ ಬಿಸಿ ಗಾಳಿ ನುಗ್ಗುತ್ತದೆ. ಅಲ್ಲಿ ಎರಡು ವಾರಕ್ಕಿಂತ ಜಾಸ್ತಿ ಇಡಬೇಡಿ. ಅಂಥ ಫ್ರಿಜ್ ಇಟ್ಟುಕೊಂಡು ನೂರು ಬ್ಯಾಗಿನ ಪ್ಯಾಕ್ ತಂದರೆ ಏನು ಮಾಡುವುದು, ಅಲ್ವಾ?

ಕೆಳಗಿನ ಭಾಗದಲ್ಲಿ, ಅಂದರೆ 4 ಡಿಗ್ರಿಯಲ್ಲಿ, ನಾಲ್ಕು ದಿನ. ಬಾಗಿಲಿನ ಗೂಡಿನಲ್ಲಿ ಬೇಡ, ಒಳಗೆ ಹಿಂಬದಿಗೆ ಇಡಿ. ಹಿಟ್ಟಿನ ಪಾತ್ರೆ, ಮೊಸರು, ಮೆಂತ್ಯೆ ಸೊಪ್ಪಿನ ಮಧ್ಯೆ ಸಿಕ್ಕಿ ಒತ್ತದ ಹಾಗೆ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಕ್ಷೇಮ. ಫ್ರಿಜ್ ಹೊರಗೆ ನಾಲ್ಕು ತಾಸು ಅನ್ನುತ್ತಾರೆ. ಅದು 25 ಡಿಗ್ರಿ ಒಳಗಿನ ಕೋಣೆಯ ಮಾತು. ಏಪ್ರಿಲ್‌ನ ಹುಬ್ಬಳ್ಳಿಯಲ್ಲಿ, ಗದಗದಲ್ಲಿ ಆ ಲೆಕ್ಕ ಹಿಡಿಯಬೇಡಿ. ತೆಗೆದ ಕೂಡಲೇ ತಣ್ಣಗೆ ಸೇರಿಸಿ. ಕರೆಂಟ್ ಹೋದರೆ ಫ್ರೀಜರ್ ಬಾಗಿಲು ತೆರೆದು ತೆರೆದು ನೋಡಬೇಡಿ. ಬಂದ ಮೇಲೆ ಬ್ಯಾಗಿನಲ್ಲಿ ಇನ್ನೂ ಮಂಜಿನ ಹರಳು ಕಂಡರೆ ಮತ್ತೆ ಗಟ್ಟಿ ಮಾಡಬಹುದು. ಪೂರ್ತಿ ನೀರಾಗಿದ್ದು ಇನ್ನೂ ತಣ್ಣಗಿದ್ದರೆ ಫ್ರಿಜ್ ಕೆಳಭಾಗಕ್ಕೆ ಇಳಿಸಿ, ಒಂದು ದಿನದೊಳಗೆ ಕುಡಿಸಿ. ತಣ್ಣಗೂ ಉಳಿದಿಲ್ಲ ಅಂದರೆ ಚೆಲ್ಲಿ.

ಧಾರವಾಡದ ಆಫೀಸಿನಿಂದ ಹಾಲು ತರುವುದು ಇನ್ನೊಂದು ಕಥೆ. ಮಧ್ಯಾಹ್ನ ಒಂದಕ್ಕೆ ತೆಗೆದದ್ದು ಮನೆ ಮುಟ್ಟುವ ಹೊತ್ತಿಗೆ ಐದು ತಾಸು ಆಗುತ್ತದೆ. ಚಿಗರಿ ಬಸ್ಸಿನ ಎಸಿ ನಂಬಿ ಹ್ಯಾಂಡ್‌ಬ್ಯಾಗಿನಲ್ಲಿ ಹಾಕಿಕೊಂಡು ಬರುವ ಹಾಗಿಲ್ಲ. ಐಸ್ ಪ್ಯಾಕ್ ಇರುವ ಕೂಲರ್ ಬ್ಯಾಗ್ ತಗೊಳ್ಳಿ. ಐಸ್ ಪ್ಯಾಕ್ ಹಾಲಿನ ಬಾಟಲಿಗೆ ತಾಗಿಕೊಂಡಿರಲಿ, ನಡುನಡುವೆ ತೆರೆಯಬೇಡಿ. ಹಾಗಿದ್ದರೆ 24 ತಾಸಿನವರೆಗೂ ಹಾಲು ಚೆನ್ನಾಗಿರುತ್ತದೆ. ನನ್ನ ಕೇಳಿದರೆ, ದುಬಾರಿ ಬ್ಯಾಗ್‌ಗೆ ಇಟ್ಟ ದುಡ್ಡನ್ನು ಇದಕ್ಕೆ ಹಾಕಿ. ಅಂದಹಾಗೆ, ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಕೂಸಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಇದೆ. ಕೇಳಲು ಸಂಕೋಚ ಬೇಡ.

ಅತ್ತೆಯವರಿಗೆ ಮೊದಲೇ ತೋರಿಸಿ ಹೇಳಬೇಕಾದ್ದು ಸ್ವಲ್ಪ ಇದೆ. ಫ್ರಿಜ್‌ನಲ್ಲಿಟ್ಟ ಎದೆಹಾಲು ಎರಡು ಪದರ ಆಗುತ್ತದೆ, ಮೇಲೆ ಕೆನೆ, ಕೆಳಗೆ ತಿಳಿ ನೀರಿನಂಥದ್ದು. ನೋಡಿದ ಹಿರಿಯರು "ಹಾಲು ಒಡದೈತಿ ನೋಡವ್ವ" ಅಂತ ಚೆಲ್ಲಿಬಿಟ್ಟಾರು. ಒಡೆದದ್ದಲ್ಲ. ಮೆಲ್ಲಗೆ ತಿರುಗಿಸಿದರೆ ಕೂಡಿಕೊಳ್ಳುತ್ತದೆ. ಕೆನೆ ಬ್ಯಾಗಿನ ಒಳಮೈಗೂ ಅಂಟುತ್ತದೆ. ಬೆಚ್ಚಗಾದ ಮೇಲೆ ಹೊರಗಿನಿಂದ ಬೆರಳಿನಲ್ಲಿ ಸವರಿ ಇಳಿಸಿ ಸುರಿಯಲಿ. ಕಾಯಿಸುವುದು, ಮೈಕ್ರೋವೇವ್ ಎರಡೂ ಬೇಡ. ರಾತ್ರಿಯೇ ಫ್ರೀಜರ್‌ನಿಂದ ಕೆಳಗಿಟ್ಟರೆ ಬೆಳಿಗ್ಗೆಗೆ ಕರಗಿರುತ್ತದೆ. ಅವಸರ ಇದ್ದರೆ ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಬ್ಯಾಗ್ ಇಡಲಿ, ಜಿಪ್ ನೀರಿಗಿಂತ ಮೇಲಿರಬೇಕು. ಕರಗಿದ್ದು ಫ್ರಿಜ್‌ನಲ್ಲಿ ಒಂದು ದಿನ, ಹೊರಗೆ ತೆಗೆದರೆ ಎರಡು ತಾಸಿನೊಳಗೆ ಖರ್ಚಾಗಬೇಕು. ಬಾಯಿ ಇಟ್ಟ ಹಾಲಿಗೂ ಎರಡೇ ತಾಸು. ಕುಡಿಸೋಕೆ ನಿಪ್ಪಲ್ ಬಾಟಲಿಯೇ ಆಗಬೇಕೆಂದಿಲ್ಲ. ಅಜ್ಜಿಯರಿಗೆ ಒಳಲೆ ಹಿಡಿದು ರೂಢಿ ಇದ್ದರೆ ಅದೇ ಚೆನ್ನ, ತೊಳೆಯೋದೂ ಸಲೀಸು.

ಅವಧಿಗೆ ಮುಂಚೆ ಹುಟ್ಟಿದ ಅಥವಾ ಆಸ್ಪತ್ರೆಯಲ್ಲಿರುವ ಕೂಸಿಗೆ ಈ ಯಾವ ಲೆಕ್ಕವೂ ಸಲ್ಲದು. ಅಲ್ಲಿನ ಡಾಕ್ಟರ್, ನರ್ಸ್ ಹೇಳಿದ ಹಾಗೆ ಮಾಡಿ.

ನಿಮಗೆ ಇನ್ನೂ ಸಮಯ ಇದೆ. ಬಹಳ ಬ್ಯಾಗ್ ತುಂಬುವ ಮುಂಚೆ ಒಂದನ್ನು ಮಾತ್ರ ತುಂಬಿ, ನಾಲ್ಕೈದು ದಿನ ಬಿಟ್ಟು ಕರಗಿಸಿ ಕೂಸಿಗೆ ಕೊಟ್ಟು ನೋಡಿ. ಕೆಲವರ ಹಾಲು ಫ್ರೀಜರ್‌ನಲ್ಲಿದ್ದು ಬಂದ ಮೇಲೆ ಸೋಪಿನಂಥ ವಾಸನೆ ಬರುತ್ತದೆ. ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆಯುವುದರಿಂದ ಹಾಗಾಗುತ್ತದೆ. ಹಾಲು ಕೆಟ್ಟಿರುವುದಿಲ್ಲ, ಆದರೆ ಕೆಲವು ಕೂಸುಗಳು ಮುಟ್ಟುವುದಿಲ್ಲ. ನಿಮ್ಮದೂ ಬೇಡ ಅಂದರೆ, ಮುಂದಿನ ಸಲ ತಾಜಾ ಹಾಲನ್ನು ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಬರುವಷ್ಟು ಬಿಸಿ ಮಾಡಿ, ಕುದಿಸದೆ ಇಳಿಸಿ, ಬೇಗ ತಣ್ಣಗೆ ಮಾಡಿ ಬ್ಯಾಗಿಗೆ ತುಂಬಿ. ಈಗಾಗಲೇ ವಾಸನೆ ಬಂದ ಹಾಲಿಗೆ ಇದರಿಂದ ಪ್ರಯೋಜನ ಇಲ್ಲ. ಅದಕ್ಕೇ ಮೊದಲು ಒಂದೇ ಬ್ಯಾಗ್ ಅಂದದ್ದು.