ಸೇತುವೆ ಆಗಲೇ ಉರಿದುಹೋಗಿತ್ತು

ಸೇನೆಯ ಯುವ ಅಧಿಕಾರಿಗಳಿಗೆ ಯುದ್ಧದ ಕಾದಂಬರಿ ಓದಲು ಕೊಟ್ಟಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ. ‘ಸರ್, ಇದರಿಂದ ಕಲಿಯೋದು ಏನು? ಪಾಯಿಂಟ್ ಹೇಳಿಬಿಡಿ.’ ಇಷ್ಟು ವರ್ಷ ತರಬೇತಿ ಕೊಟ್ಟರೂ ಈ ಪ್ರಶ್ನೆ ಕೇಳಿದರೆ ನನಗೆ ತಾಳ್ಮೆ ತಪ್ಪುತ್ತದೆ. ದಾಳಿ ಹೇಗೆ ಮಾಡಬೇಕು ಅನ್ನುವುದಕ್ಕೆ ಕೈಪಿಡಿ ಇದೆ. ಕಾದಂಬರಿಯಲ್ಲಿ ಅದನ್ನು ಹುಡುಕಬೇಡಿ.

ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯಲ್ಲಿ ಬೊರೊಡಿನೊ ಕದನ ಬರುತ್ತದೆ. 1812ರ ಸೆಪ್ಟೆಂಬರ್ 7, ಮಾಸ್ಕೋಗೆ ಹೋಗುವ ದಾರಿ. ರಷ್ಯದ ಮೇಲೆ ದಂಡೆತ್ತಿ ಬಂದ ನೆಪೋಲಿಯನ್ ಹಿಂದೆ ದಿಬ್ಬದ ಮೇಲಿದ್ದಾನೆ. ಸವಾರನೊಬ್ಬ ಬಂದು, ಕೊಲೊಚಾ ಹೊಳೆಯ ಸೇತುವೆ ಕೈಗೆ ಸಿಕ್ಕಿದೆ, ದಾಟಬಹುದೇ ಎಂದು ಕೇಳುತ್ತಾನೆ. ಆಚೆ ದಡದಲ್ಲಿ ಸಾಲುಗಟ್ಟಿ ಕಾಯಲಿ ಎಂದು ಅಪ್ಪಣೆಯಾಗುತ್ತದೆ. ಆದರೆ ಸವಾರ ಸುದ್ದಿ ಹೊತ್ತು ಸೇತುವೆ ಬಿಟ್ಟ ಬೆನ್ನಿಗೇ ರಷ್ಯನ್ನರು ಸೇತುವೆ ವಾಪಸ್ ಹಿಡಿದು ಸುಟ್ಟುಹಾಕಿದ್ದರು.

ಇಲ್ಲಿ ಸ್ವಲ್ಪ ನಿಲ್ಲಿ. ಹುಡುಗರು ‘ಮಾಹಿತಿ ತಪ್ಪಿತ್ತು’ ಎಂದು ಬರೆದುಕೊಂಡು ಪುಟ ತಿರುವುತ್ತಾರೆ. ಮಾಹಿತಿ ತಪ್ಪಿರಲಿಲ್ಲ. ಸವಾರ ಕಂಡದ್ದು ನಿಜ. ಅವನ ಕುದುರೆ ಓಡಿ ಬರುವಷ್ಟರಲ್ಲಿ ಆ ನಿಜ ಹಳತಾಯಿತು, ಅಷ್ಟೇ. ಇತಿಹಾಸ ಓದುವಾಗ ಕೊನೆ ಏನಾಯಿತು ಅಂತ ನಮಗೆ ಮೊದಲೇ ಗೊತ್ತು. ಹಾಗಾಗಿ ಅಲ್ಲಿದ್ದವರೆಲ್ಲ ದಡ್ಡರಂತೆ ಕಾಣುತ್ತಾರೆ, ಅಲ್ವಾ? ಕಾದಂಬರಿ ನಮ್ಮನ್ನು ಕೊನೆ ಗೊತ್ತಿಲ್ಲದವನ ಪಕ್ಕ ನಿಲ್ಲಿಸುತ್ತದೆ. ಅದೇ ಸೇತುವೆಯ ಹತ್ತಿರ ಕಾದಂಬರಿಯ ಮುಖ್ಯ ಪಾತ್ರಗಳಲ್ಲೊಬ್ಬನಾದ ಪಿಯೆರ್ ಇದ್ದ. ಸುಮ್ನೆ ಯುದ್ಧ ನೋಡಲು ಬಂದವನು. ಸುತ್ತ ಗುಂಡು ಹಾರುತ್ತಿದ್ದರೂ ತಾನು ನಿಂತ ಜಾಗವೇ ರಣರಂಗ ಅಂತ ಅವನಿಗೆ ಹೊಳೆಯಲಿಲ್ಲ.

ದಂಡನಾಯಕನ ಅಪ್ಪಣೆಗೆ ಬೆಲೆಯೇ ಇಲ್ಲ ಎನ್ನುವಷ್ಟು ದೂರ ಟಾಲ್‌ಸ್ಟಾಯ್ ಹೋಗುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ, ನೀವೂ ಹಾಗೇ ನಂಬಿಬಿಡಬೇಡಿ. ಅವರು ಹುಟ್ಟಿದ್ದು 1828ರಲ್ಲಿ, ಬೊರೊಡಿನೊ ಕಂಡವರಲ್ಲ. ಆದರೆ ಫಿರಂಗಿ ದಳದ ಅಧಿಕಾರಿಯಾಗಿ ಕ್ರಿಮಿಯಾ ಯುದ್ಧದ ಸೆವಾಸ್ಟೊಪೋಲ್ ಮುತ್ತಿಗೆಯೊಳಗೆ ಇದ್ದವರು. ಹೊಗೆಯೊಳಗೆ ಎಷ್ಟು ಕಾಣುತ್ತದೆ ಅಂತ ಅವರಿಗೆ ಗೊತ್ತಿತ್ತು.

ಒಮ್ಮೆ ಒಂದು ಯುದ್ಧಾಭ್ಯಾಸದಲ್ಲಿ ಹುಡುಗನೊಬ್ಬ ‘ಬಲಗಡೆ ಗುಡ್ಡ ಖಾಲಿ’ ಎಂದು ವೈರ್‌ಲೆಸ್‌ನಲ್ಲಿ ಕೇಳಿ ತನ್ನ ಪ್ಲಟೂನನ್ನು ಅಲ್ಲಿಗೆ ಹತ್ತಿಸಿದ. ಸುದ್ದಿ 20 ನಿಮಿಷ ಹಳೆಯದು. ಎದುರು ತಂಡ ಆಗಲೇ ಮೇಲೆ ಕೂತಿತ್ತು. ಅಭ್ಯಾಸವಾದ್ದರಿಂದ ರಾತ್ರಿ ಎಲ್ಲರೂ ಊಟಕ್ಕೆ ಬಂದರು. ಅವನು ಮಾತ್ರ ತಟ್ಟೆ ಮುಟ್ಟಲಿಲ್ಲ. ನನಗೆ ಬೈಯಲು ಮನಸ್ಸಾಗಲಿಲ್ಲ. ಸೇತುವೆಯ ಆ ಪುಟಗಳನ್ನು ಕೈಗೆ ಕೊಟ್ಟೆ. ಪಾಯಿಂಟ್ ಕೇಳಲಿಲ್ಲ ಅವನು. ಮಾರನೇ ದಿನ ಗುಡ್ಡದ ಕಡೆಯಿಂದ ಸುದ್ದಿ ಬಂದಾಗ ವೈರ್‌ಲೆಸ್‌ನಲ್ಲಿ ಅವನ ದನಿ ಕೇಳಿಸಿತು: ‘ನೀವು ಇದನ್ನ ನೋಡಿದ್ದು ಎಷ್ಟು ಹೊತ್ತಿಗೆ?’